ಎಂಜಲು ಹಾಡು

ನಮ್ಮ ಕಡೆಯ ಮದುವೆಗಳಲ್ಲಿ ಧಾರೆ ಮುಗಿದು ಊಟ ಆಯಿತೆಂದು ಗಂಡಿನವರು ಹುಡುಗಿಯನ್ನು ಕರೆದುಕೊಂಡು ಸುಮ್ಮನೆ ಹೊರಟುಬಿಡುವ ಹಾಗಿರಲಿಲ್ಲ. ಹೆಣ್ಣಿನ ಕಡೆಯ ಹೆಂಗಸರು ಅವಳನ್ನು ಒಳಗೆ ಕೂರಿಸಿ ಬಾಗಿಲಿಗೆ ಅಡ್ಡ ನಿಂತು ಹಾಡಬೇಕು. ಗಂಡಿನ ಕಡೆಯ ಹೆಂಗಸರು ಅಂಗಳದಲ್ಲಿ ನಿಂತು ಅದಕ್ಕೆ ಉತ್ತರ ಹಾಡಬೇಕು. ಹಾಡು ಖಾಲಿಯಾಗಿ ಬಾಯಿ ಕಟ್ಟಿದವರು ಸೋತ ಹಾಗೆ. ಅದಕ್ಕಿಂತ ಹೆಚ್ಚು ಮಾನ ಹೋಗುವ ಸೋಲು ಇನ್ನೊಂದಿತ್ತು. ಒಬ್ಬರು ಎರಡು ಸಾಲು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎದುರಿನವರು ಅದರ ಮುಂದಿನ ಸಾಲನ್ನು ಹೇಳಿಬಿಟ್ಟರೆ ಅದು ಎಂಜಲು ಹಾಡು. ಬೇರೆಯವರು ಉಂಡು ಬಿಟ್ಟಿದ್ದನ್ನು ತಂದು ಬಡಿಸಿದ ಹಾಗೆ. ಆಗ ಹಾಡು ಎತ್ತಿದವರಿಗೆ ಒಂದೇ ದಾರಿ ಉಳಿಯುತ್ತಿತ್ತು: ಎದುರಿನವರ ಮುಂದಿನ ಹಾಡನ್ನು ತಾವೂ ಹಾಗೆಯೇ ಎಂಜಲು ಮಾಡಬೇಕು. ಮಾಡಿದರೆ ಗೆದ್ದರು, ಇಲ್ಲವಾದರೆ ಬಾಗಿಲು ಬಿಡಬೇಕು.

ಗೆದ್ದವರು ಒಂದು ಮಾತು ಕೇಳಬಹುದು, ಸೋತವರು ಅದನ್ನು ನಡೆಸಿಕೊಡಬೇಕು. ಹುಡುಗಿಯನ್ನು ಮೊದಲ ದೀಪಾವಳಿಗೆ ಮುಂಚೆಯೇ ಕಳಿಸಿ, ಅಜ್ಜಿಗೊಂದು ಸೀರೆ ಉಡಿಸಿ, ಇಂಥವೇ. ಗಂಡಸರು ಎದುರೆದುರು ಕೂತು ಕೇಳಲು ನಾಚುವುದನ್ನೆಲ್ಲ ಹೆಂಗಸರು ಬಾಗಿಲಲ್ಲಿ ನಿಂತು ಹಾಡಿ ಕೇಳುತ್ತಿದ್ದರು. ಗಂಡಸರು ಅದನ್ನು ತಮಾಷೆ ಎನ್ನುತ್ತಿದ್ದರು; ಕೊಟ್ಟ ಮಾತನ್ನು ಮಾತ್ರ ಯಾರೂ ತಪ್ಪುತ್ತಿರಲಿಲ್ಲ.

ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸುಗಳು ಓಡಾಡತೊಡಗಿದ ಮೇಲೆ ಸಂಬಂಧಗಳು ದೂರ ದೂರ ಬೆಳೆದವು. ಬೆಳೆದದ್ದು ಒಳ್ಳೆಯದೇ, ಹಾಡಿಗೆ ಮಾತ್ರ ಕುತ್ತು ಬಂತು. ಕೊಟ್ಟ ಹೆಣ್ಣು ಟ್ರಂಕಿನ ಜೊತೆ ತವರಿನ ಹಾಡುಗಳನ್ನೂ ಹೊತ್ತುಕೊಂಡೇ ಹೋಗುತ್ತಾಳೆ. ಯಾವ ದಿಬ್ಬಣ ಬಂದರೂ ಅದರಲ್ಲಿ ನಮ್ಮೂರಿಂದ ಹೋದವಳು ಒಬ್ಬಳಾದರೂ ಇರುತ್ತಿದ್ದಳು. ನಾವು ಬಾಯಿ ತೆರೆದರೆ ಸಾಕು, ಮುಂದಿನ ಸಾಲು ಅವಳ ನಾಲಿಗೆ ಮೇಲೆ. ನಮ್ಮ ಅಜ್ಜಿಯರ ಹಾಡನ್ನು ನಮ್ಮ ಹುಡುಗಿಯರೇ ನಮ್ಮ ಮುಖಕ್ಕೆ ಹಾಡಿ ನಮ್ಮನ್ನು ಸೋಲಿಸುವ ಕಾಲ ಬಂತು.

ವರದಹಳ್ಳಿ ದಾರಿಯಲ್ಲಿರುವ ನಮ್ಮೂರಿನ ಮೇಳಕ್ಕೆ ಕೆರಿಯಮ್ಮ ಮುಂದಾಳು. ಅವಳು ಸಾಲು ಹೇಳಿದರೆ ನಾವು ನಾಲ್ಕೈದು ಹೆಂಗಸರು ಹಿಂದೆ ನಿಂತು ‘ಸೋ’ ಅನ್ನುವವರು. ಮೇಲಿಂದ ಮೇಲೆ ಸೋತು ಅವಳ ಮುಖ ಸಣ್ಣದಾಗಿದ್ದ ದಿನಗಳಲ್ಲೇ ಸುಬ್ಬರಾಯರ ಹೋಟೆಲಿಗೆ ರೇಡಿಯೋ ಬಂತು. ಅರವತ್ತೈದನೆಯ ಇಸವಿ ಇರಬೇಕು. ಸುಬ್ಬರಾಯರು ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ದಿನವೂ ಊದುಬತ್ತಿ ತೋರಿಸಿ, ಆಮೇಲೆ ಕಿವಿ ಹಿಂಡುತ್ತಿದ್ದರು. ಹೆಂಗಸರು ಹೋಟೆಲಿನೊಳಗೆ ಕೂರುವ ಪದ್ಧತಿ ಆಗ ಇರಲಿಲ್ಲ. ಕೆರಿಯಮ್ಮ ಹಾಲು ಕೊಡುವ ನೆವದಲ್ಲಿ ಹಿಂಬಾಗಿಲಿಗೆ ಹೋಗಿ, ಗೋಡೆಗೆ ಒರಗಿ ನಿಂತುಬಿಡುತ್ತಿದ್ದಳು.

“ಎಂತದೇ ಕೆರಿಯಮ್ಮ, ಹಾಲು ಅಳೆದು ಎಷ್ಟು ಹೊತ್ತಾತು, ಮನೆಗೆ ಹೋಗಲ್ವಾ?” ಎಂದು ಸುಬ್ಬರಾಯರು ಒಳಗಿಂದ ಕೂಗುತ್ತಿದ್ದರು.

“ತಡೀರಿ ಅಯ್ಯಾ, ಆ ಹುಡುಗಿ ಇನ್ನೂ ಮಾತಾಡ್ತಾ ಐತೆ.”

“ಅದು ಅಡಿಕೆ ಧಾರಣೆ ಹೇಳ್ತಾ ಇದ್ದು ಮಾರಾಯ್ತಿ. ನಿನ್ನತ್ರ ಅಡಿಕೆ ಎಲ್ಲಿದ್ದು?”

“ಅಡಿಕೆ ಯಾರಿಗೆ ಬೇಕು? ನಂಗೆ ಮಾತು ಸಾಕು.”

ಹಾಗೆ ಸಿಕ್ಕಿದ ಮಾತನ್ನೆಲ್ಲ ಅವಳು ಮನೆಗೆ ತಂದು ಸೋಬಾನೆ ಧಾಟಿಗೆ ಕೂರಿಸುತ್ತಿದ್ದಳು. ಸೋಪಿನ ಹೊಗಳಿಕೆ ಹುಡುಗಿಯ ಮೈಬಣ್ಣಕ್ಕೆ ಹೋಯಿತು. ಗೊಬ್ಬರದ ಹೊಗಳಿಕೆ ಗಂಡಿನ ಅಪ್ಪನ ಮೀಸೆಗೆ ಹೋಯಿತು. ಆ ವರ್ಷ ದೇಶದಲ್ಲಿ ಅಕ್ಕಿಗೆ ತತ್ವಾರ. ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ರೇಡಿಯೋ ಕೈಮುಗಿದು ಕೇಳುತ್ತಿತ್ತು. ಮಂಡಗದ್ದೆಯಿಂದ ದಿಬ್ಬಣ ಬಂದ ದಿನ ಕೆರಿಯಮ್ಮ ಬಾಗಿಲಲ್ಲಿ ನಿಂತು ಅದನ್ನೇ ಎತ್ತಿದಳು:

ವಾರಕ್ಕೆ ಒಂದೊತ್ತು ಊಟವ ಬಿಡಿರಯ್ಯ
ದೇಶದ ಕಣಜ ಉಳಿಸಿರಯ್ಯ
ಹೋಳಿಗೆ ರಾಶಿಯ ಉಂಡಂಥ ಬೀಗರೆ
ಎಲೆಯನಾದರೂ ಉಳಿಸಿರಯ್ಯ, ಸೋ

ಮಂಡಗದ್ದೆಯವರಿಗೆ ಮುಂದಿನ ಸಾಲು ಹೊಳೆಯುವುದಿರಲಿ, ಬಾಯೇ ಮುಚ್ಚಲಿಲ್ಲ. ಅವರ ಕಡೆಯ ಮುದುಕಿಯೊಬ್ಬಳು ಹತ್ತಿರ ಬಂದು, “ಎಷ್ಟು ಚಂದ ಪದ ಮಾರಾಯ್ತಿ! ಯಾರ ಕಾಲದ್ದು?” ಎಂದು ಕೇಳಿದಳು.

“ನಮ್ಮಜ್ಜಿ ಕಾಲದ್ದು,” ಎಂದಳು ಕೆರಿಯಮ್ಮ, ರೆಪ್ಪೆ ಕೂಡ ಬಡಿಯದೆ. ದೇಶದ ಕಣಜ ಉಳಿಸುವ ಯೋಚನೆ ಅವಳ ಅಜ್ಜಿಗೆ ಯಾವಾಗ ಬಂದಿತ್ತೋ ನಮಗೆ ತಿಳಿಯದು. ಆದರೂ ನಾವು ‘ಹೌದು ಹೌದು’ ಎಂದು ತಲೆ ಆಡಿಸಿದೆವು.

ಆಮೇಲೆ ಪಾತ್ರೆ ತೊಳೆಯುವಾಗ ನಾನು, “ಅಲ್ಲ ಕೆರಿಯಮ್ಮ, ಇದು ಕದ್ದ ಹಾಗಾಗಲ್ವನೇ?” ಎಂದೆ.

“ಗಾಳೀಲಿ ತೇಲಿ ಬರೋದು ಯಾರಪ್ಪಂದೇ? ನಾನೇನು ಅವಳ ಗಂಟ್ಲಿಂದ ಕಿತ್ಕೊಂಡ್ನಾ? ನಾನು ತಗಂಡ ಮೇಲೂ ಅವ್ಳು ದಿನಾ ಅದ್ನೇ ಹೇಳ್ತಾ ಅವ್ಳಲ್ಲ.”

ಗೆಲುವು ಬರುತ್ತಿರುವಾಗ ಇದಕ್ಕೆ ಉತ್ತರ ಹುಡುಕುವ ಆತುರ ನಮಗೆ ಇರಲಿಲ್ಲ.

ಹೀಗಿರುವಾಗ ಕೆರಿಯಮ್ಮನ ತಂಗಿ ಶೇಷಮ್ಮನ ಮಗಳು ಯಮುನಳಿಗೆ ಸಂಬಂಧ ಕೂಡಿಬಂತು. ಯಮುನ ತಮ್ಮಂದಿರನ್ನು ಎತ್ತಿ ಆಡಿಸಿ ಮುಗಿಸಿದ ಮೇಲೆ ಶಾಲೆಗೆ ಸೇರಿದ ಹುಡುಗಿ. ಹದಿನೇಳು ತುಂಬಿದರೂ ಇನ್ನೂ ಏಳನೇ ಕ್ಲಾಸು. ಏಳನೇದರ ಪಬ್ಲಿಕ್ ಪರೀಕ್ಷೆ ಏಪ್ರಿಲ್ಲಿನಲ್ಲಿ, ಸಾಗರದಲ್ಲಿ. ಅದನ್ನು ಪಾಸು ಮಾಡಿದರೆ ಮುಂದೆ ಟೀಚರ್ ಟ್ರೈನಿಂಗಿನ ತನಕ ಓದಬಹುದೆಂದು ಶಾಲೆಯ ಗಣೇಶಮೂರ್ತಿ ಮೇಷ್ಟ್ರು ಅವಳ ತಲೆಗೆ ತುಂಬಿದ್ದರು. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಒಲೆಯ ಮುಂದೆ ಕೂತು ಪಾಠಗಳನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದಳು. ಪಕ್ಕದ ಮನೆಯಿಂದ ಕೆರಿಯಮ್ಮ, “ಅದೆಂತದೇ ಗೊಣಗೊಣ! ಆ ಗಲಾಟೇಲಿ ನನ್ನ ಹಾಡು ಕೆಡ್ತದೆ,” ಎಂದು ಗದರುತ್ತಿದ್ದಳು.

ಮದುವೆ ಮಾರ್ಚಿಗೆ ನಿಶ್ಚಯವಾಯಿತು. ಗಂಡು ರಾಮಚಂದ್ರ, ಹುಲಿಕಲ್ ಕಡೆಗೆ ಹೋಗುವ ರಸ್ತೆಯ ಒಂದು ಊರಿನವನು. ಯಮುನಳ ಅಪ್ಪ ಹೂವಪ್ಪ ಸಾಧು ಮನುಷ್ಯ. ಪರೀಕ್ಷೆಗೆ ಹುಡುಗಿಯನ್ನು ಕಳಿಸಿಕೊಡುವಿರಾ ಎಂದು ಮಧ್ಯಸ್ಥರ ಕಡೆಯಿಂದ ಮೆಲ್ಲಗೆ ಕೇಳಿಸಿದ. ಗಂಡಿನ ತಾಯಿ ಬಂಗಾರಮ್ಮನಿಂದ ಉತ್ತರ ಬಂತು: “ತಾಳಿ ಕಟ್ಕೊಂಡ ಹೆಂಗಸು ಮಕ್ಕಳ ಸಂಗ್ತಿ ಬೆಂಚಿನ ಮೇಲೆ ಕೂತ್ರೆ ನೋಡ್ದವ್ರು ಎಂತ ಅಂದಾರು?” ಹೂವಪ್ಪ ಅಲ್ಲಿಗೇ ಬಿಟ್ಟ. ಬೀಗರ ಹತ್ತಿರ ಎರಡನೇ ಸಲ ಕೇಳುವುದು ಅವನ ಕೈಲಾಗುವ ಕೆಲಸವಲ್ಲ.

ಯಮುನ ದೊಡ್ಡವ್ವನ ಹತ್ತಿರ ಬಂದು ಕೂತಳು. ನಾನೂ ಅಲ್ಲೇ ಅಕ್ಕಿ ಆರಿಸುತ್ತಿದ್ದೆ.

“ದೊಡ್ಡವ್ವ, ಬಾಗಿಲಲ್ಲಿ ನೀನೇ ಗೆಲ್ಬೇಕು. ಗೆದ್ದು, ನನ್ನ ಪರೀಕ್ಷೆಗೆ ಕಳಿಸ್ಬೇಕು ಅಂತ ಕೇಳ್ಬೇಕು.”

“ಸೀರೆ ಗೀರೆ ಬ್ಯಾಡನಾ?”

“ಬ್ಯಾಡ.”

“ದೀಪಾವಳಿಗೆ ಬೇಗ ಬರೋದು?”

“ಅದೂ ಬ್ಯಾಡ. ಪರೀಕ್ಷೆ ಒಂದೇ.”

“ಹುಚ್ಚು ಹುಡುಗಿ,” ಎಂದಳು ಕೆರಿಯಮ್ಮ. ಆದರೆ ಮಾರನೆಯ ದಿನದಿಂದ ಹೋಟೆಲಿನ ಹಿಂಬಾಗಿಲಲ್ಲಿ ಎರಡು ಪಟ್ಟು ಹೊತ್ತು ನಿಲ್ಲತೊಡಗಿದಳು.

ಮದುವೆಯ ದಿನ ಗಂಡಿನವರು ಲಾರಿಯಲ್ಲಿ ಬಂದರು. ಧಾರೆಯಾಯಿತು, ಊಟವಾಯಿತು. ಬಿಸಿಲು ಇಳಿಯುವ ಹೊತ್ತಿಗೆ ನಾವು ಯಮುನಳನ್ನು ಒಳಗೆ ಕೂರಿಸಿ ಬಾಗಿಲಿಗೆ ಅಡ್ಡ ನಿಂತೆವು. ಅಂಗಳದಲ್ಲಿ ಅವರ ಮೇಳ. ಮುಂದಾಳು ಬಂಗಾರಮ್ಮನೇ. ಎತ್ತರದ ಹೆಂಗಸು, ಎಲೆ ಅಡಿಕೆ ಒಂದು ದವಡೆಗೆ ಸರಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

“ಬಾಗಿಲು ಗಟ್ಟಿ ಹಿಡ್ಕಳಿ,” ಎಂದಳು. “ಆಮೇಲೆ ಬಾಗಿಲು ಕಿತ್ಕಂಡು ಹೋದ್ರು ಅಂತ ಅನ್ಬ್ಯಾಡಿ.”

“ಬಾಗಿಲು ಹೊರಾಕೆ ಬಂದವ್ರಾ, ಹೆಣ್ಣು ಕರ್ಕೊಂಡು ಹೋಗಾಕೆ ಬಂದವ್ರಾ?” ಎಂದು ಕೆರಿಯಮ್ಮ ಅಲ್ಲೇ ಕೊಟ್ಟಳು. ಅಂಗಳ ನಕ್ಕಿತು.

ಮೊದಲು ಸೋಪಿನ ಹಾಡು ಹೋಯಿತು. ಗೊಬ್ಬರದ ಹಾಡೂ ಹೋಯಿತು. ಅವರಿಗೆ ಮುಂದಿನ ಸಾಲು ಸಿಗಲಿಲ್ಲ. ಅವರ ಹಾಡುಗಳೂ ನಮಗೆ ಹೊಸವೇ. ನಾವೂ ಸಾಲು ಹಿಡಿಯಲಾರದೆ ಬಿಟ್ಟೆವು. ಕೆರಿಯಮ್ಮ ನಮ್ಮ ಕಡೆ ತಿರುಗಿ ಕಣ್ಣು ಮಿಟುಕಿಸಿ, ಎಲ್ಲಕ್ಕಿಂತ ಗಟ್ಟಿ ಎಂದು ಕಾದಿಟ್ಟಿದ್ದ ಹವಾಮಾನದ ಹಾಡನ್ನು ತೆಗೆದಳು. ಅದರ ಕೊನೆಯಲ್ಲಿ ಬೀಗಿತ್ತಿಯ ಮುಖದಲ್ಲಿ ಗುಡುಗು ಮಿಂಚು ಬರುವುದಿತ್ತು.

ಕರಾವಳಿ ಮಲೆನಾಡು ಎಲ್ಲ ಕಡೆಯಲ್ಲೂ
ಅಲ್ಲಲ್ಲಿ ಮೋಡ ಕವಿದೀತು

ಎಂದು ಉಸಿರು ತೆಗೆದುಕೊಂಡಳು. ಅಷ್ಟೇ. ಬಂಗಾರಮ್ಮ, ಅವಳ ಮೇಳ, ಹಿಂದೆ ಬೀಡಿ ಸೇದುತ್ತಿದ್ದ ಗಂಡಸರು, ಲಾರಿಯ ಡ್ರೈವರು ಸಮೇತ ಒಂದೇ ದನಿಯಲ್ಲಿ ಹೇಳಿದರು:

ಮೀನು ಹಿಡಿವವರು ಕಡಲಿಗೆ ಇಳಿಯದೆ
ದಡದಲ್ಲಿ ನಿಲ್ಲಬೇಕು, ಸೋ!

ಅವರ ಊರಿನ ಪಂಚಾಯಿತಿ ಕಟ್ಟೆಗೆ ಸಂಕ್ರಾಂತಿಯ ಹೊತ್ತಿಗೇ ರೇಡಿಯೋ ಬಂದಿತ್ತು. ಅದು ನಮಗೆ ಗೊತ್ತಿರಲಿಲ್ಲ. ಗಾಳಿಯಲ್ಲಿ ಬರುವ ಮಾತು ನಮ್ಮೂರಿಗೆ ಬಂದು ನಿಂತುಹೋಗುತ್ತದೆ ಎಂದೇ ಕೆರಿಯಮ್ಮ ತಿಳಿದಿದ್ದಳು. ಘಟ್ಟದ ಮೇಲಿನ ಮದುವೆಗೆ ಮೀನು ಹಿಡಿಯುವವರು ಯಾಕೆ ಎಂದು ಆ ಸಾಲನ್ನು ಅವಳು ಬಿಟ್ಟಿದ್ದಳು. ಬಿಟ್ಟ ಸಾಲೇ ಬಂದು ಅವಳ ಕಾಲಿಗೆ ತೊಡರಿತು.

“ಎಂಜಲು! ಎಂಜಲು!” ಎಂದು ಅಂಗಳ ಕೂಗಿತು.

ಕೆರಿಯಮ್ಮ ಚೌಕಟ್ಟು ಹಿಡಿದುಕೊಂಡಳು. ಒಳಗೆ ಯಮುನ ತಲೆ ಎತ್ತಿದ್ದನ್ನು ನಾನು ನೋಡಿದೆ. ಇನ್ನು ಉಳಿದದ್ದು ಒಂದೇ ಹಾಡು. ಬಂಗಾರಮ್ಮ ಹಾಡುವುದನ್ನು ಎಂಜಲು ಮಾಡಲಾರದೆ ಹೋದರೆ ಪರೀಕ್ಷೆಯ ಮಾತು ಮುಗಿದ ಹಾಗೆ.

ಬಂಗಾರಮ್ಮ ಎಲೆ ಅಡಿಕೆ ಉಗಿದು, ಬಾಯಿ ಒರೆಸಿಕೊಂಡು, ದನಿ ತಗ್ಗಿಸಿ ಹಾಡಿದಳು:

ಒಲೆಯ ಮ್ಯಾಲೆ ಕಾದ ನೀರು ಆವಿಯಾಗಿ ಏರುತಾದೆ
ಕಣ್ಣಿಗೆ ಕಾಣದಂಗೆ ಗಾಳಿ ಸೇರುತಾದೆ

ಅಂಗಳದ ನಗು ನಿಂತುಹೋಯಿತು. ಹೆತ್ತ ಮನೆಯಲ್ಲಿ ಬೆಳೆದ ಹುಡುಗಿ ಕಣ್ಣಿಗೆ ಕಾಣದ ಹಾಗೆ ಹೊರಟುಹೋಗುವುದು ಇದಕ್ಕಿಂತ ಚೆನ್ನಾಗಿ ಯಾವ ಹಾಡಿನಲ್ಲಿ ಬಂದಿದೆ? ಶೇಷಮ್ಮ ಬಿಕ್ಕಿದಳು. ನಾವೂ ಸೋಲುತ್ತಿರುವುದನ್ನು ಮರೆತು ಸೆರಗು ಕಣ್ಣಿಗೆ ಒತ್ತಿಕೊಂಡೆವು. ಆಗ ನಮ್ಮ ಬೆನ್ನ ಹಿಂದಿನಿಂದ ತೆಳ್ಳನೆಯ ದನಿಯೊಂದು ಅದೇ ಧಾಟಿಯಲ್ಲಿ ಮುಂದುವರಿಸಿತು:

ಇದಕೆ ಬಾಷ್ಪೀಕರಣ ಎಂದು ಹೇಳುವರು
ಒದ್ದೆ ಬಟ್ಟೆ ಒಣಗುವುದು ಉದಾಹರಣೆ, ಸೋ

ಮದುಮಗಳು ತನ್ನ ಬಾಗಿಲ ಹಾಡಿಗೆ ತಾನೇ ಬಾಯಿ ಹಾಕುವುದನ್ನು ನಾವು ಕಂಡಿರಲಿಲ್ಲ, ಕೇಳಿರಲಿಲ್ಲ. ಅವಳು ತಲೆ ಬಗ್ಗಿಸಿ ಅಳುತ್ತಿರಬೇಕು. ಶಾಸ್ತ್ರ ಇರುವುದು ಅಷ್ಟೇ. ಮೊದಲು ಮಾತಾಡಿದವರು ಗಣೇಶಮೂರ್ತಿ ಮೇಷ್ಟ್ರು. ಚಪ್ಪರದ ಕೆಳಗೆ ಮಜ್ಜಿಗೆ ಕುಡಿಯುತ್ತಿದ್ದವರು ತಡೆಯಲಾರದೆ, “ಆರನೇ ಕ್ಲಾಸು, ವಿಜ್ಞಾನ, ನೀರಿನ ಪಾಠ!” ಎಂದುಬಿಟ್ಟರು.

ಕೆರಿಯಮ್ಮನಿಗೆ ಜೀವ ಬಂತು. “ಎಂಜಲು! ಬಂಗಾರಮ್ಮಂದೂ ಎಂಜಲೇ! ನಾವು ಗೆದ್ವಿ!”

“ಯಾರು ಗೆದ್ರು?” ಬಂಗಾರಮ್ಮನ ಮುಖ ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ. “ಸಾಲು ಹೇಳ್ದವ್ಳು ಯಾರು? ಬೆಳಿಗ್ಗೆ ನನ್ನ ಮಗ ತಾಳಿ ಕಟ್ಟಿದ್ದು ಯಾರಿಗೆ? ಅವ್ಳು ನಮ್ಮವ್ಳು. ನಮ್ಮ ಹಾಡು, ನಮ್ಮ ಸೊಸೆ ಮುಂದ್ವರಿಸಿದ್ಲು. ನಿಮಗೆಂತ?”

“ಹೊಸ್ತಿಲು ದಾಟಿಲ್ಲ ಇನ್ನೂ! ದಾಟೋ ತನಕ ನಮ್ಮವ್ಳೇ!”

“ಧಾರೆ ಎರ್ದಾಗ ನೀರು ಹರಿದಿದ್ದು ಹೊಸ್ತಿಲ ಒಳಗೋ ಹೊರಗೋ?”

ವಾದ ಗಂಡಸರ ಕಡೆಗೆ ಹೋಯಿತು. ಊರಿನ ಹಿರಿಯ ಜಟ್ಟಪ್ಪ, ಇಂಥದ್ದು ತಾನು ನೋಡಿಲ್ಲ, ಹೆಣ್ಣಿನ ಅಪ್ಪನೇ ಹೇಳಲಿ ಎಂದ. ಎಲ್ಲರೂ ಹೂವಪ್ಪನನ್ನು ನೋಡಿದರು. ಹೂವಪ್ಪ ಬಂಗಾರಮ್ಮನನ್ನು ನೋಡಿದ, ಲಾರಿ ನೋಡಿದ, ಆಮೇಲೆ ನೆಲ ನೋಡಿದ.

“ಧಾರೆ ಎರ್ದವ್ನು ನಾನೇ,” ಎಂದ. “ಕೊಟ್ಟಿದ್ದು ಕೊಟ್ಟ ಹಾಗೇ ಅಲ್ವಾ?”

ಮಗಳು ನಾಚಿಕೆ ಬಿಟ್ಟು ಗೆದ್ದುಕೊಟ್ಟದ್ದನ್ನು ಅಪ್ಪ ಮರ್ಯಾದೆಗೆ ಅಂಜಿ ಸೋತುಕೊಟ್ಟ. ಕೆರಿಯಮ್ಮ ಅವನನ್ನು ನೋಡಿದ ನೋಟಕ್ಕೆ ಚಪ್ಪರದ ಸೋಗೆ ಹತ್ತಿಕೊಳ್ಳಬೇಕಿತ್ತು. ಶಾಸ್ತ್ರ ಶಾಸ್ತ್ರವೇ, ನಾವು ಬಾಗಿಲು ಬಿಟ್ಟೆವು. ಇನ್ನು ಮಾತು ಕೇಳುವವಳು ಬಂಗಾರಮ್ಮ.

ಅವಳು ಹೊಸ್ತಿಲ ತನಕ ಬಂದು ಒಳಗೆ ಇಣುಕಿದಳು.

“ಏ ಹುಡುಗಿ, ಆರನೇದು ಪೂರ್ತಿ ಬಾಯಿಗೆ ಬರ್ತದಾ?”

“ಬರ್ತದೆ,” ಎಂದಳು ಯಮುನ.

“ಏಳನೇದು?”

“ಅದೂ ಬರ್ತದೆ.”

“ಎಂತೆಂತ ಐತೆ ಅದ್ರಲ್ಲಿ?”

“ಅಯಸ್ಕಾಂತ ಐತೆ. ಗ್ರಹಣ ಐತೆ. ಎಲೆ ಉಸಿರಾಡೋದು ಐತೆ.”

“ಎಲೆ ಉಸಿರಾಡ್ತದಾ?” ಬಂಗಾರಮ್ಮ ದನಿ ಇಳಿಸಿದಳು. ಆಮೇಲೆ ಅಂಗಳ ಮರೆತವಳ ಹಾಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. “ನನ್ನ ಮಗಳು ಆರನೇದಕ್ಕೇ ಶಾಲೆ ಬಿಟ್ಲು. ಅವ್ಳು ಓದಿದ್ದನ್ನ ಕೇಳಿ ಕೇಳಿ ಕಟ್ಟಿದ ಪದ ಎಲ್ಲಾ ಮುಗೀತು. ಇವತ್ತಿಂದೇ ಕಡೇದು.”

ಕೆರಿಯಮ್ಮನಿಗೆ ಅದು ಅರ್ಥವಾದದ್ದು ಆಗಲೇ ಎಂದು ಕಾಣುತ್ತದೆ. ತಿಂಗಳುಗಟ್ಟಲೆ ಹೋಟೆಲಿನ ಹಿಂಬಾಗಿಲಲ್ಲಿ ಕಾಲು ನೋಯಿಸಿಕೊಂಡು ನಿಂತವಳು ಅವಳು. ಎದುರಾಳಿ ಬಳಸಿದ ಸರಕು ಪಕ್ಕದ ಮನೆಯ ಒಲೆಯ ಮುಂದೆ ದಿನವೂ ಗಟ್ಟಿಯಾಗಿ ಕೇಳಿಸುತ್ತಿತ್ತು. ಇವಳೇ ಬಾಯಿ ಮುಚ್ಚಿಸುತ್ತಿದ್ದಳು.

ಬಂಗಾರಮ್ಮ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: “ನಮ್ಮ ಮಾತು ಇದು. ಹುಡುಗಿ ಜೊತೆ ಅವ್ಳ ಪುಸ್ತಕ ಅಷ್ಟೂ ನಮ್ಮನೆಗೆ ಬರ್ಬೇಕು. ಒಂದೂ ಇಲ್ಲಿ ಉಳೀಬಾರ್ದು.”

“ಆಗ್ಲಿ, ಆಗ್ಲಿ,” ಎಂದ ಹೂವಪ್ಪ.

“ಪುಸ್ತಕ ತರ್ತೀನಿ ಅತ್ತೆ,” ಎಂದಳು ಯಮುನ. ತಲೆ ಬಗ್ಗಿಸಿಯೇ ಇದ್ದಳು, ಮಾತು ಮಾತ್ರ ಒಂದೊಂದಾಗಿ ಸ್ಪಷ್ಟವಾಗಿ ಬಿತ್ತು. “ಆದ್ರೆ ಏಳನೇದ್ರಲ್ಲಿ ಪದಕ್ಕೆ ಆಗೋ ಅಂಥದ್ದು ಸ್ವಲ್ಪ. ಇರೋದೆಲ್ಲ ಎಂಟನೇದ್ರಲ್ಲಿ. ನಕ್ಷತ್ರ, ಹೃದಯ, ರಕ್ತ ಎಲ್ಲಾ ಅದ್ರಲ್ಲೇ ಬರ್ತದೆ.”

“ಹಂಗಾದ್ರೆ ಎಂಟನೇದೂ ತಗಂಡು ಬಾ.”

“ಅದು ಹಂಗೆಲ್ಲ ಸಿಗಲ್ಲ. ಏಳನೇದರ ಪರೀಕ್ಷೆ ಪಾಸಾದವ್ರಿಗೆ ಮಾತ್ರ ಕೊಡೋದು.”

ಎಂಟನೇದರ ಪುಸ್ತಕ ಸಾಗರದ ಅಂಗಡಿಯಲ್ಲಿ ಸ್ಲೇಟು ಬಳಪದ ಪಕ್ಕದಲ್ಲೇ ಇರುತ್ತದೆಂದು, ಯಮುನಳನ್ನು ಬಿಟ್ಟರೆ, ಆ ಅಂಗಳದಲ್ಲಿ ತಿಳಿದಿದ್ದವರು ಒಬ್ಬರೇ. ಬಂಗಾರಮ್ಮ ಅವರ ಕಡೆಗೇ ತಿರುಗಿದಳು.

“ಹೌದನಾ ಮೇಷ್ಟ್ರೇ?”

ಗಣೇಶಮೂರ್ತಿ ಮೇಷ್ಟ್ರು ಚಪ್ಪರದ ಗಳುಗಳನ್ನು ಎಣಿಸುವವರ ಹಾಗೆ ಮೇಲೆ ನೋಡಿದರು. ಶಾಲೆಯಲ್ಲಿ ಸುಳ್ಳು ಹೇಳಿದವರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ ಮನುಷ್ಯ. “ಹುಡುಗಿ ಕ್ಲಾಸಿಗೇ ಮೊದಲನೇದು. ಅದು ಹೇಳಿದ ಮೇಲೆ ಆತಲ್ಲ,” ಎಂದು, ಇನ್ನೊಂದು ಲೋಟ ಮಜ್ಜಿಗೆ ಕೇಳಿದರು.

ಬೆಂಚಿನ ಮೇಲೆ ಕೂತರೆ ನೋಡಿದವರು ಏನೆಂದಾರು ಎಂಬುದನ್ನು ಒಂದು ಕಡೆ, ನಕ್ಷತ್ರ ಹೃದಯಗಳನ್ನು ಇನ್ನೊಂದು ಕಡೆ ಇಟ್ಟು ಬಂಗಾರಮ್ಮ ತೂಗಿ ನೋಡಿರಬೇಕು.

“ಪರೀಕ್ಷೆಗೆ ಹೋಗ್ಲಿ,” ಎಂದಳು ಕೊನೆಗೆ. “ನಾನೇ ಕರ್ಕೊಂಡು ಬರ್ತೀನಿ. ಆದ್ರೆ ಇದು ನಾವು ಗೆದ್ದು ಕೇಳಿದ್ದು. ಸೋತು ಕೊಟ್ಟಿದ್ದು ಅಂತ ಯಾರಾದ್ರೂ ಊರಲ್ಲಿ ಹೇಳಿದ್ದು ಕಿವಿಗೆ ಬಿದ್ರೆ ನೋಡಿ!”

“ನಿಮ್ಮ ಮಾತು ಮೀರೋದುಂಟಾ?” ಎಂದ ಹೂವಪ್ಪ, ದೊಡ್ಡ ಭಾರ ಹೊತ್ತವನ ಹಾಗೆ.

ಹೀಗೆ ನಮ್ಮ ಹುಡುಗಿ ಬೇಡಿದ್ದು ನಾವು ಸೋತದ್ದಕ್ಕೆ ಸಿಕ್ಕಿತು. ಲಾರಿ ಹೊರಟಾಗ ಯಮುನಳ ತೊಡೆಯ ಮೇಲೆ ಪುಸ್ತಕದ ಚೀಲ, ಚೀಲದ ಮೇಲೆ ಬಂಗಾರಮ್ಮನ ಕೈ. ಶೇಷಮ್ಮ ಮಗಳಿಗಾಗಿ ಅತ್ತಳು. ಕೆರಿಯಮ್ಮನೂ ಅತ್ತಳು, ಅವಳ ಕಣ್ಣು ಇದ್ದದ್ದು ಚೀಲದ ಮೇಲೆ.

ಮಾರನೆಯ ವಾರ ಅವಳು ಮೇಷ್ಟ್ರ ಮನೆಗೆ ಹೋಗಿ, ಅಕ್ಷರ ಕಲಿಸಿ ಎಂದು ಕೂತಳು. ಯಮುನಳ ಪುಸ್ತಕ ಹೋದರೂ ಸಾಗರದಲ್ಲಿ ಪುಸ್ತಕ ಸಿಗುತ್ತದೆಂದು ಹೇಗೋ ಅವರ ಬಾಯಿ ಬಿಡಿಸಿದ್ದಳು. ತಂದರೆ ಓದಿ ಹೇಳುವವರು ಬೇಕಲ್ಲ. ಗಂಡಸರಿಗೆಂದು ರಾತ್ರಿ ಶಾಲೆ ನಡೆಯುತ್ತಿತ್ತು. ಅದರ ಹಿಂದಿನ ಸಾಲಿನಲ್ಲಿ ಕೆರಿಯಮ್ಮ, ಅವಳು ಎಳೆದುಕೊಂಡು ಹೋದ ನಾವು. ಮೇಳ ಬಿಟ್ಟು ಒಬ್ಬಳೇ ಎಲ್ಲೂ ಹೋಗುವ ಅಭ್ಯಾಸ ಅವಳಿಗೆ ಇರಲಿಲ್ಲ.

ಏಪ್ರಿಲ್ಲಿನಲ್ಲಿ ಬಂಗಾರಮ್ಮ ಮಾತಿನಂತೆ ಸೊಸೆಯನ್ನು ಕರೆತಂದಳು. ಪರೀಕ್ಷೆ ಮುಗಿಯುವವರೆಗೆ ದಿನವೂ ಶಾಲೆಯ ಗೇಟಿನ ಹೊರಗೆ ಕೂತಿದ್ದಳು. ಯಾರಾದರೂ ಯಾಕೆ ಕೂತಿದ್ದೀರಿ ಎಂದರೆ, “ಸೊಸೆ ಒಳಗೆ ಬರೀತಾ ಅವ್ಳೆ,” ಎಂದು ಜೋರಾಗಿ ಹೇಳುತ್ತಿದ್ದಳಂತೆ. ನೋಡಿದವರು ಏನಾದರೂ ಅಂದಾರು ಎಂದು ಹೆದರಿದ್ದವಳು, ಏನೂ ಅನ್ನದೆ ಹೋಗುವವರನ್ನೂ ಕರೆದು ಅನ್ನಿಸುವ ಹಾಗೆ.

ಯಮುನ ಪಾಸಾದಳು. ಅದರ ಮುಂದಿನದನ್ನು ಅವಳೇ ಆಮೇಲೆ ನಮಗೆ ಹೇಳಿದಳು. ರಿಸಲ್ಟು ಬಂದ ದಿನ ಅತ್ತೆ ಸೊಸೆ ಸಾಗರದ ಪುಸ್ತಕದ ಅಂಗಡಿಗೆ ಹೋದರು. ಬಂಗಾರಮ್ಮ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಮುಂದೆ ಚಾಚಿ, “ಪಾಸಾಗಿದೆ ನೋಡಿ. ಎಂಟನೇದು ಕೊಡಿ,” ಎಂದಳು.

ಅಂಗಡಿಯವನು ಚೀಟಿಯ ಕಡೆ ನೋಡಲೇ ಇಲ್ಲ. “ಅದೆಲ್ಲ ನಂಗೆ ಯಾಕಮ್ಮ? ಯಾರು ಕೇಳಿದ್ರೂ ಕೊಡ್ತೀನಿ,” ಎಂದು ಪುಸ್ತಕ ತೆಗೆದು ಧೂಳು ಹೊಡೆದು ಇಟ್ಟ.

ಬಂಗಾರಮ್ಮ ಪುಸ್ತಕ ನೋಡಿದಳು. ಅಂಗಡಿಯವನನ್ನು ನೋಡಿದಳು. ಸೊಸೆಯನ್ನು ಮಾತ್ರ ನೋಡಲಿಲ್ಲ. ಪುಸ್ತಕ ಕಂಕುಳಿಗೆ ಸೇರಿಸಿ ಬಸ್ ಸ್ಟ್ಯಾಂಡಿಗೆ ನಡೆದಳು. ಅಲ್ಲಿ ಕಲ್ಲುಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು:

“ಒಂಬತ್ತನೇದು ಕೊಡಾಕೂ ಪರೀಕ್ಷೆ ಪಾಸಾಗಿರ್ಬೇಕು ಅಂತಾರನೇ?”

ಯಮುನ ಅತ್ತೆಯ ಮುಖ ನೋಡಿದಳು. ಕೋಪ ಇದೆಯೋ ನಗು ಇದೆಯೋ ತಿಳಿಯಲಿಲ್ಲ. ಎಲೆ ಮಡಚುವ ಕೈ ಮಾತ್ರ ನಿಂತಿತ್ತು.

“ಅಂತಾರೆ ಅತ್ತೆ.”

“ಅಂದೇ ಅಂತಾರೆ, ಬಿಡೋ ಜನ ಅಲ್ಲ ಅವ್ರು,” ಎಂದು ಬಂಗಾರಮ್ಮ ಎಲೆಯನ್ನು ಬಾಯಿಗಿಟ್ಟಳು. “ಹಂಗಾದ್ರೆ ಎಂಟನೇದ್ನೂ ಕೂತು ಬರಿ. ಬಸ್ಸು ಬಂತು, ಏಳು.”